ಪಾಠಾಂತರ: ಬೆಂಗಳೂರು ನಾಗರತ್ನಮ್ಮನವರ ಮುನ್ನುಡಿಯನ್ನು ಓದುತ್ತಾ

ಯಲಹಂಕದ ಪಕ್ಕದ ಕೋಗಿಲಿನಲ್ಲಿ ನಾನು ಬಾಡಿಗೆಗಿರುವ ಮನೆಯ ಮಾಲೀಕರ ತಾಯಿಗೆ ಎಪ್ಪತ್ತೆಂಟು ವರ್ಷ. ಮನೆಯೊಳಗೆ ತೆಲುಗು, ಗೇಟಿನಾಚೆ ಕನ್ನಡ. ಬೆಂಗಳೂರಿನ ಉತ್ತರಕ್ಕಿರುವ ಈ ಊರುಗಳಲ್ಲಿ ಅಂಥ ಮನೆಗಳು ಬೇಕಾದಷ್ಟಿವೆ. ಮೊಮ್ಮಕ್ಕಳು ಕರೆಯುವ ಹಾಗೆ ನಾನೂ ಅವರನ್ನು ಅವ್ವ ಎಂದೇ ಕರೆಯುತ್ತೇನೆ. ಅವ್ವನಿಗೆ ಓದು ಬಾರದು. ನನಗೆ ತೆಲುಗಿನ ಅಕ್ಷರ ಬರುತ್ತದೆ, ಭಾಷೆ ಅರ್ಧಂಬರ್ಧ. ಕನ್ನಡ ಓದಬಲ್ಲವರು ಒಂದು ವಾರ ಕೂತರೆ ತೆಲುಗಿನ ಲಿಪಿ ಕೈಗೆ ಸಿಗುತ್ತದೆ, ಅರ್ಥ ಮಾತ್ರ ಅಷ್ಟು ಸುಲಭಕ್ಕೆ ಸಿಗುವುದಿಲ್ಲ. ಹೋದ ಮಳೆಗಾಲದಲ್ಲಿ ನಾವಿಬ್ಬರೂ ಸೇರಿ ಒಂದು ಪುಸ್ತಕ ಓದಿದೆವು. ನಾನು ಜೋರಾಗಿ ಓದುವುದು, ಅವರು ಹೂ ಕಟ್ಟುತ್ತಾ ಕೇಳಿ, ತಿಳಿದಷ್ಟಕ್ಕೆ ಕನ್ನಡದಲ್ಲಿ ಅರ್ಥ ಹೇಳುವುದು. ನೂರು ವರ್ಷಕ್ಕೂ ಹಳೆಯ ಆ ಗ್ರಾಂಥಿಕ ತೆಲುಗು ಅವರಿಗೂ ಎಷ್ಟೋ ಕಡೆ ಅಡ್ಡ ಬರುತ್ತಿತ್ತು. ಆಗ ನಾನು ನಿಘಂಟು ತೆಗೆಯುತ್ತಿದ್ದೆ, ಇಲ್ಲವೇ ಇಂಗ್ಲಿಷ್ ಅನುವಾದದ ಕಡೆ ನೋಡುತ್ತಿದ್ದೆ.

ಪುಸ್ತಕ 'ರಾಧಿಕಾ ಸಾಂತ್ವನಮು'. ಬರೆದವಳು ಹದಿನೆಂಟನೆಯ ಶತಮಾನದ ತಂಜಾವೂರಿನ ಮುದ್ದುಪಳನಿ. 1910ರಲ್ಲಿ ಅದನ್ನು ಸಂಪಾದಿಸಿ, ಮುನ್ನುಡಿ ಬರೆದು, ಮದ್ರಾಸಿನ ವಾವಿಳ್ಳ ಪ್ರಕಾಶನದ ಮೂಲಕ ಹೊರತಂದವರು ಬೆಂಗಳೂರು ನಾಗರತ್ನಮ್ಮ. ನಾವು ಇಬ್ಬರೂ ಹೆಚ್ಚು ಹೊತ್ತು ಕಳೆದದ್ದು ಆ ಮುನ್ನುಡಿಯ ಜೊತೆ.

ನನ್ನ ಪಿಎಚ್.ಡಿ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಮೈಸೂರು ಸೀಮೆಯ ಹೆಂಗಸರ ಬರವಣಿಗೆಯ ಮೇಲೆ. ಅದರಲ್ಲಿ ನಾಗರತ್ನಮ್ಮನವರಿಗೆ ಒಂದು ಅಧ್ಯಾಯ ಇಟ್ಟುಕೊಂಡಿದ್ದೆ. ಪ್ರಗತಿ ಪರಿಶೀಲನೆಯ ದಿನ ಸಮಿತಿಯ ಹಿರಿಯರೊಬ್ಬರು ಎರಡು ಪ್ರಶ್ನೆ ಕೇಳಿದರು. ಇವರು ಕನ್ನಡದ ಲೇಖಕಿ ಹೇಗಾಗುತ್ತಾರೆ? ಬೇರೆಯವರ ಕಾವ್ಯಕ್ಕೆ ಮುನ್ನುಡಿ ಬರೆದವರು ಲೇಖಕಿ ಹೇಗಾಗುತ್ತಾರೆ? ದೊಡ್ಡ ಗಾಯಕಿ, ಒಪ್ಪೋಣ; ಅಡಿಟಿಪ್ಪಣಿಯಲ್ಲಿ ಹೆಸರು ಬರಲಿ ಎಂದರು. ಅಲ್ಲಿ ನನಗೆ ಉತ್ತರ ಹೊಳೆಯಲಿಲ್ಲ. ಪ್ರಶ್ನೆಗಳು ಪೆದ್ದು ಪ್ರಶ್ನೆಗಳೇನೂ ಅಲ್ಲ. ಅವುಗಳಿಗೆ ಅಂದು ಕೊಡಲಾಗದ ಉತ್ತರವನ್ನು ಇಲ್ಲಿ ಕೊಡಲು ನೋಡುತ್ತೇನೆ.

ಹಾಡುವವರು ಬರೆದರೆ ನಾವು ಅದನ್ನು ಓದುವ ಒಂದು ಕ್ರಮವಿದೆ. ಮಲ್ಲಿಕಾರ್ಜುನ ಮನಸೂರರ 'ನನ್ನ ರಸಯಾತ್ರೆ', ಗಂಗೂಬಾಯಿ ಹಾನಗಲ್ಲರು ಎನ್ಕೆ ಕುಲಕರ್ಣಿಯವರಿಗೆ ನಿರೂಪಿಸಿದ 'ನನ್ನ ಬದುಕಿನ ಹಾಡು', ಬಿ.ವಿ. ಕಾರಂತರು ವೈದೇಹಿಯವರಿಗೆ ಹೇಳಿದ 'ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ', ಹೀಗೆ ಕನ್ನಡದಲ್ಲಿ ಒಳ್ಳೆಯ ಪುಸ್ತಕಗಳ ಸಾಲೇ ಇದೆ. ಎಲ್ಲವೂ ಬದುಕಿನ ಕತೆಗಳು. ಗುರು ಯಾರು, ಹಸಿವು ಎಷ್ಟಿತ್ತು, ಮೊದಲ ಕಛೇರಿ ಎಲ್ಲಿ ಆಯಿತು ಎಂಬುದನ್ನು ಗಾಯಕರ ಬಾಯಿಂದ ಕೇಳಲು ನಮಗೆ ಇಷ್ಟ. ಪಶ್ಚಿಮದ ಒಪೆರಾ ಗಾಯಕಿಯರು ಬರೆದ ಪುಸ್ತಕಗಳಲ್ಲೂ ಹೆಚ್ಚಿನ ಪಾಲು ನೆನಪುಗಳದೇ. ಆದರೆ ಗಾಯಕಿಯೊಬ್ಬಳು ಕಾವ್ಯ ಹಿಡಿದು ಕೂತು, ಪಾಠ ತಿದ್ದಿ, ಹಿರಿಯ ವಿಮರ್ಶಕನೊಬ್ಬನ ತೀರ್ಪನ್ನು ಅಲ್ಲಗಳೆದರೆ ಅದನ್ನು ಯಾವ ಕಪಾಟಿನಲ್ಲಿ ಇಡಬೇಕೋ ನಮಗೆ ತಿಳಿಯುವುದಿಲ್ಲ. ನಾಗರತ್ನಮ್ಮನವರ ಮುನ್ನುಡಿ ಈ ಎರಡನೆಯ ಜಾತಿಯದು. ಅಲ್ಲಿ ಅವರು ಸಾಹಿತ್ಯ ವಿಮರ್ಶಕಿ.

ಅವರ ಬದುಕಿನ ವಿವರ ಸ್ವಲ್ಪ ಬೇಕು. ಹುಟ್ಟಿದ್ದು 1878ರ ನವೆಂಬರ್ 3ರಂದು, ನಂಜನಗೂಡಿನಲ್ಲಿ. ತಾಯಿ ಪುಟ್ಟಲಕ್ಷ್ಮಿಯವರ ಹಿರಿಯರು ಮೈಸೂರು ಅರಮನೆಯ ಆಶ್ರಯದಲ್ಲಿದ್ದ ಕಲಾವಿದರು. ತಂದೆ ವಕೀಲರು, ತಾಯಿ ಮಗಳಿಬ್ಬರನ್ನೂ ಕೈಬಿಟ್ಟರು. ಮೈಸೂರಿನಲ್ಲಿ ಸಂಸ್ಕೃತ ವಿದ್ವಾಂಸರೊಬ್ಬರ ಆಸರೆಯಲ್ಲಿ ಹುಡುಗಿಗೆ ಸಂಸ್ಕೃತದ ಪಾಠ ಬಹಳ ಚಿಕ್ಕ ವಯಸ್ಸಿಗೇ ಶುರುವಾಯಿತು. ಆ ಆಸರೆಯೂ ಉಳಿಯಲಿಲ್ಲ. ಬೆಂಗಳೂರಿಗೆ ಬಂದ ಮೇಲೆ ತ್ಯಾಗರಾಜರ ಶಿಷ್ಯಪರಂಪರೆಗೆ ಸೇರಿದ ಮುನಿಸ್ವಾಮಪ್ಪನವರಲ್ಲಿ ಸಂಗೀತ ಪಾಠ. ಮುಂದೆ ಮೈಸೂರಿನ ಬಿಡಾರಂ ಕೃಷ್ಣಪ್ಪನವರನ್ನೂ ಗುರುವೆಂದು ಕಂಡರು. ಕಛೇರಿ, ಹರಿಕಥೆ ಎರಡರಲ್ಲೂ ಹೆಸರು ಬಂತು. ಮದ್ರಾಸಿಗೆ ಹೋಗಿ ನೆಲೆಸಿದ ಮೇಲೂ ಹೆಸರಿನ ಮುಂದೆ ಬೆಂಗಳೂರು ಉಳಿಯಿತು. ಕನ್ನಡ, ತೆಲುಗು, ಸಂಸ್ಕೃತ, ತಮಿಳು, ನಾಲ್ಕೂ ಅವರಿಗೆ ಒಗ್ಗಿದ್ದವು.

ಇಲ್ಲಿ ಹರಿಕಥೆಯ ಮಾತನ್ನು ಸುಮ್ಮನೆ ದಾಟಬಾರದು. ನಮ್ಮಲ್ಲಿ ಒಪೆರಾ ಇರಲಿಲ್ಲ. ಹಾಡಿನಲ್ಲೇ ಕತೆ ನಡೆಸುವ ಕೆಲಸವನ್ನು ಕಂಪನಿ ನಾಟಕ, ಯಕ್ಷಗಾನ, ಹರಿಕಥೆ ಹಂಚಿಕೊಂಡಿದ್ದವು. ಹರಿಕಥೆ ಮಾಡುವವರು ಒಬ್ಬರೇ ರಾಧೆಯಾಗಬೇಕು, ಕೃಷ್ಣನಾಗಬೇಕು, ಮರುಕ್ಷಣ ಹೊರಗೆ ಬಂದು ಪದ್ಯದ ಅರ್ಥ ಬಿಡಿಸಬೇಕು, ಶಾಸ್ತ್ರದ ಆಧಾರ ಕೊಡಬೇಕು. ಎದುರು ಕೂತ ಪಂಡಿತರು ಒಪ್ಪುವಂತಿರಬೇಕು, ಹಿಂದಿನ ಸಾಲಿನ ಮುದುಕಿಗೂ ತಿಳಿಯಬೇಕು. ನಾಗರತ್ನಮ್ಮನವರ ಮುನ್ನುಡಿ ಓದುವಾಗ ನನಗೆ ಈ ತರಬೇತಿ ಕಾಣುತ್ತದೆ. ಎದುರಾಳಿಯ ಮಾತನ್ನು ಮೊದಲು ಪೂರ್ತಿಯಾಗಿ ಮುಂದಿಡುತ್ತಾರೆ, ಆಮೇಲೆ ಒಂದೊಂದೇ ಎಳೆ ಬಿಚ್ಚುತ್ತಾರೆ. ಸಭೆ ಎದುರಿಗಿದೆ ಎಂಬ ಎಚ್ಚರ ಎಲ್ಲೂ ತಪ್ಪುವುದಿಲ್ಲ.

ಮುದ್ದುಪಳನಿಯ ಹೆಸರು ಅವರ ಕಣ್ಣಿಗೆ ಬಿದ್ದದ್ದು ತಂಜಾವೂರು ಕಾಲದ ತೆಲುಗು ಸಾಹಿತ್ಯದ ಕುರಿತ ಒಂದು ಬರಹದಲ್ಲಿ. ಹುಡುಕಿ ಹುಡುಕಿ ಒಂದು ಅಚ್ಚಾದ ಪ್ರತಿ ಸಂಪಾದಿಸಿದರು. ಅದು 1887ರಲ್ಲಿ, ಸಿ.ಪಿ. ಬ್ರೌನ್ ಅವರ ಜೊತೆ ಕೆಲಸ ಮಾಡಿದ್ದ ಪೈಡಿಪಾಟಿ ವೆಂಕಟನರಸು ಅಚ್ಚು ಹಾಕಿಸಿದ್ದ ಪ್ರತಿ. ಆಮೇಲೆ ಒಂದು ಹಸ್ತಪ್ರತಿಯೂ ಸಿಕ್ಕಿತು. ಎರಡನ್ನೂ ಎದುರುಬದುರು ಇಟ್ಟು ನೋಡಿದರೆ ಅಚ್ಚಿನಲ್ಲಿ ಕೆಲವು ಪದ್ಯಗಳಿಲ್ಲ. ಅದಕ್ಕಿಂತ ಮುಖ್ಯವಾಗಿ, ಕವಯಿತ್ರಿ ತನ್ನ ವಂಶ ಹೇಳಿಕೊಳ್ಳುವ ಪೀಠಿಕೆಯ ಭಾಗ ಇಲ್ಲ, ಸಮಾಪ್ತಿಯ ಗದ್ಯವೂ ಇಲ್ಲ. ಆ ಪೀಠಿಕೆಯಲ್ಲಿ ಮುದ್ದುಪಳನಿ ತನ್ನ ಅಜ್ಜಿ ತಂಜನಾಯಕಿಯನ್ನು ಹೆಸರಿಸುತ್ತಾಳೆ. ತನ್ನ ಮನೆತನದ ವಿದ್ಯೆಯನ್ನು ಹೆಂಗಸರ ಸಾಲಿನಿಂದ ಗುರುತಿಸುತ್ತಾಳೆ. ತನಗೆ ಕಾವ್ಯಗಳನ್ನು ಅಂಕಿತ ಮಾಡಿದ ಕವಿಗಳಿದ್ದರೆಂದು ಸಂಕೋಚವಿಲ್ಲದೆ ಹೇಳುತ್ತಾಳೆ. ಅವಳು ಪ್ರತಾಪಸಿಂಹನ ಆಸ್ಥಾನದ ಗಣಿಕೆ. 1887ರ ಅಚ್ಚು ಕಾವ್ಯವನ್ನು ಉಳಿಸಿಕೊಂಡು, ಯಾರ ಕಾವ್ಯ ಎಂಬುದನ್ನು ಮಸುಕು ಮಾಡಿತು.

ಈ ಪೀಠಿಕೆಯನ್ನು ನಾನು ಓದಿದಾಗ ಅವ್ವ ಹೂ ಕಟ್ಟುವುದನ್ನು ನಿಲ್ಲಿಸಿದರು. "ಅಜ್ಜಿ ಹೆಸ್ರು ಮೊದ್ಲು ಹೇಳ್ತಾಳಾ? ನಮ್ಮ ಮದುವೆಗಳಲ್ಲಿ ಪುರೋಹಿತರು ಮೂರು ತಲೆ ಹೆಸ್ರು ಹೇಳಿದ್ರೂ ಎಲ್ಲಾ ಗಂಡಸ್ರೇ ಕಣಮ್ಮಾ" ಎಂದರು. ಇನ್ನೊಮ್ಮೆ ಓದಲು ಹೇಳಿದರು. ಓದಿದೆ.

ಕರ್ನಾಟಕ ಸಂಗೀತ ಕಲಿತವರಿಗೆ 'ಪಾಠಾಂತರ' ಎಂಬ ಪದ ನಿತ್ಯದ್ದು. ಒಂದೇ ಕೃತಿ ಒಂದೊಂದು ಗುರುಮನೆಯಲ್ಲಿ ಒಂದೊಂದು ರೀತಿ. ನಿಮ್ಮ ಗುರುವಿನಿಂದ ನಿಮಗೆ ಬಂದದ್ದು ನಿಮ್ಮ ಪಾಠಾಂತರ. ಒಳ್ಳೆಯ ಪಾಠಾಂತರ ಇದೆ ಎಂದರೆ ಗಾಯಕಿಗೆ ಅದು ದೊಡ್ಡ ಹೊಗಳಿಕೆ. ಸಾಹಿತ್ಯ ವಿಭಾಗದಲ್ಲಿ ಕೂತ ನಮಗೂ ಅದೇ ಪದ ಇದೆ: ಹಸ್ತಪ್ರತಿಗಳಲ್ಲಿ ಕಾಣುವ ಬೇರೆ ಬೇರೆ ಓದುಗಳು ಪಾಠಾಂತರಗಳು, ಸಂಪಾದಕ ಅವನ್ನು ಅಡಿಯಲ್ಲಿ ಗುರುತು ಹಾಕುತ್ತಾನೆ. ಎರಡೂ ಪದಗಳು ನನ್ನ ತಲೆಯಲ್ಲಿ ಬೇರೆ ಬೇರೆ ಕೋಣೆಗಳಲ್ಲಿದ್ದವು. ನಾಗರತ್ನಮ್ಮನವರನ್ನು ಓದುವಾಗ ಗೋಡೆ ಬಿತ್ತು. ತ್ಯಾಗರಾಜರ ಕೃತಿಯೊಂದನ್ನು ಹಾಡುವವರು ಚರಣದ ಕೊನೆಯಲ್ಲಿ ಅವರ ಅಂಕಿತ ಬರುವ ಭಾಗವನ್ನು ಬಿಟ್ಟು ಹಾಡಿದರೆ ಸಭೆಯಲ್ಲಿ ಯಾರೂ ಒಪ್ಪುವುದಿಲ್ಲ. ಅಂಕಿತ ಬಿಟ್ಟರೆ ಕೃತಿ ಮುಗಿಯಲಿಲ್ಲ ಎಂದೇ ಅರ್ಥ. ಅಂಥ ಅಭ್ಯಾಸದಲ್ಲಿ ಬೆಳೆದ ಕಿವಿಗೆ, ವಂಶದ ಮಾತೂ ಸಮಾಪ್ತಿಯ ಗದ್ಯವೂ ಇಲ್ಲದ ಕಾವ್ಯ ಅಂಕಿತ ಕತ್ತರಿಸಿದ ಕೃತಿಯ ಹಾಗೆ ಕೇಳಿಸಿರಬೇಕು. ವೆಂಕಟನರಸು ಅವರಿಗೆ ಆ ಭಾಗ ಕಾವ್ಯದ ಹೊರಗಿನದು. ನಾಗರತ್ನಮ್ಮನವರಿಗೆ ಅದು ಕಾವ್ಯದ ಒಳಗಿನದು. ಈ ವ್ಯತ್ಯಾಸ ಅವರ ಸಂಗೀತದಿಂದ ಬಂತು ಎಂಬುದು ನನ್ನ ವಾದ.

ಮುನ್ನುಡಿಯಲ್ಲಿ ಅವರು ಕಾವ್ಯವನ್ನು ಅಳೆಯುವ ಮಾನದಂಡವೂ ಹೀಗೆಯೇ. ಅಲಂಕಾರಶಾಸ್ತ್ರದ ಪಟ್ಟಿ ಹಿಡಿದು ಹೊರಡುವುದಿಲ್ಲ. ಎಷ್ಟು ಸಲ ಓದಿದರೂ ಮತ್ತೆ ಓದಬೇಕೆನಿಸುತ್ತದೆ, ರಸ ತುಂಬಿ ತುಳುಕುತ್ತದೆ, ಮೇಲಾಗಿ ಇದು ಹೆಂಗಸು ಬರೆದದ್ದು, ಅದೂ ತಮ್ಮದೇ ಸಮುದಾಯದಲ್ಲಿ ಹುಟ್ಟಿದ ಹೆಂಗಸು ಬರೆದದ್ದು, ಆದ್ದರಿಂದ ಸರಿಯಾದ ರೂಪದಲ್ಲಿ ಅಚ್ಚು ಹಾಕಬೇಕೆನಿಸಿತು ಎಂಬ ಅರ್ಥದ ಮಾತು ಅವರದು. ಮತ್ತೆ ಮತ್ತೆ ಬೇಕೆನಿಸುವುದು ಕೇಳುಗರ ಮಾನದಂಡ. ಒಂದು ರಾಗವನ್ನು ಗೊತ್ತಿದ್ದೂ ಮತ್ತೆ ಕೇಳುವವರು ಹೀಗೆ ಮಾತಾಡುತ್ತಾರೆ. ಆ ಕೊನೆಯ ಕಾರಣವೂ ಗಮನಿಸಬೇಕಾದ್ದು. 1910ರಲ್ಲಿ ಒಬ್ಬ ಗಣಿಕೆ, ಅಚ್ಚಿನ ಪುಟದ ಮೇಲೆ, ಕವಯಿತ್ರಿ ನಮ್ಮವಳು ಎಂದು ಹೇಳುತ್ತಿದ್ದಾರೆ. ಅದಕ್ಕೆ ಒಂದು ವರ್ಷ ಹಿಂದೆಯಷ್ಟೇ, 1909ರಲ್ಲಿ, ಮೈಸೂರು ಸಂಸ್ಥಾನ ದೇವಸ್ಥಾನಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತ್ತು. ಮದ್ರಾಸಿನಲ್ಲಿ ನಾಚ್ ವಿರೋಧಿ ಚಳವಳಿ ಜೋರಾಗಿತ್ತು. ನಮ್ಮವಳು ಎಂದು ಹೇಳಿಕೊಳ್ಳಲು ಅದು ಸುಲಭದ ಕಾಲವಾಗಿರಲಿಲ್ಲ.

ಕಾವ್ಯದಲ್ಲಿ ಅಂಥದ್ದೇನಿದೆ? ನಾಲ್ಕು ಭಾಗ, 584 ಪದ್ಯ. ರಾಧೆ ತಾನೇ ಸಾಕಿ ಬೆಳೆಸಿದ ಇಳಾ ಎಂಬ ಹುಡುಗಿಯನ್ನು ಕೃಷ್ಣನಿಗೆ ಮದುವೆ ಮಾಡಿಕೊಡುತ್ತಾಳೆ. ಗಂಡನ ಹತ್ತಿರ ಹೇಗಿರಬೇಕೆಂದು ಇಳೆಗೆ ಹೇಳಿಕೊಡುತ್ತಾಳೆ. ಎಳೆಯ ಹುಡುಗಿ, ಮೆಲ್ಲಗೆ ನಡೆದುಕೋ ಎಂದು ಕೃಷ್ಣನಿಗೂ ಹೇಳುತ್ತಾಳೆ. ಅವರಿಬ್ಬರೂ ಒಳಗೆ ಹೋದ ಮೇಲೆ ತನ್ನ ಮನಸ್ಸನ್ನು ತಡೆದುಕೊಳ್ಳಲಾರದೆ ಒದ್ದಾಡುತ್ತಾಳೆ. ಕೊನೆಗೆ ಕೃಷ್ಣ ಬಂದು ಅವಳನ್ನು ಸಂತೈಸಬೇಕು. ಹೆಸರಿನ ಸಾಂತ್ವನ ಅದು. ಇಲ್ಲಿಗೆ ಬಂದಾಗ ಅವ್ವ ಕೇಳಿದ್ದು: "ಸಾಕಿದೋಳೇ ಕೊಟ್ಟು, ಸಾಕಿದೋಳೇ ಅಳಬೇಕಾ?" ಶೃಂಗಾರ ಪ್ರಬಂಧಗಳಲ್ಲಿ ಬೇಕು ಎನ್ನುವವನು ಗಂಡು, ಬೇಕಾಗಿರುವವಳು ಹೆಣ್ಣು. ಮುದ್ದುಪಳನಿಯಲ್ಲಿ ಬೇಕು ಎನ್ನುವವಳು ರಾಧೆ. ಅದನ್ನು ಬಾಯಿಬಿಟ್ಟು ಹೇಳುತ್ತಾಳೆ, ಸಿಗದಿದ್ದರೆ ಸಿಟ್ಟಾಗುತ್ತಾಳೆ. ಇಳೆ, ರಾಧೆ, ಕೃಷ್ಣ ಮೂವರ ನಡುವಿನ ಸಂಕಟ ಅವ್ವನಿಗೆ ಒಂದೇ ಓದಿಗೆ ತಿಳಿದ ಹಾಗೆ, 1910ರಲ್ಲಿ ಕಾವ್ಯದ ಮೇಲೆ ತೀರ್ಪು ಕೊಟ್ಟ ಎಷ್ಟೋ ಜನರಿಗೆ ತಿಳಿಯಲಿಲ್ಲ.

ಅವರಲ್ಲಿ ದೊಡ್ಡವರು ಕಂದುಕೂರಿ ವೀರೇಶಲಿಂಗಂ. ವಿಧವಾ ವಿವಾಹ ಮಾಡಿಸಿದವರು, ಹೆಣ್ಣುಮಕ್ಕಳ ಶಾಲೆಗಾಗಿ ದುಡಿದವರು, ಆಧುನಿಕ ತೆಲುಗು ಗದ್ಯಕ್ಕೆ ದಾರಿ ಮಾಡಿದವರು. 'ಆಂಧ್ರ ಕವುಲ ಚರಿತ್ರಮು'ವಿನಲ್ಲಿ ಅವರು ಮುದ್ದುಪಳನಿಯ ವಿದ್ವತ್ತನ್ನೂ ಮೃದುವಾದ ಶೈಲಿಯನ್ನೂ ಒಪ್ಪಿಕೊಂಡರು. ಜೊತೆಗೇ ಅವಳನ್ನು ಜಾರಿಣಿ ಎಂದು ಕರೆದು, ಹೆಂಗಸರ ಕಿವಿಗೆ ಬೀಳಬಾರದ ಮಾತು ಅವಳ ಕಾವ್ಯದಲ್ಲಿದೆ ಎಂದರು. ನಾಗರತ್ನಮ್ಮ ಇದನ್ನು ಮುನ್ನುಡಿಯಲ್ಲಿ ನೇರವಾಗಿ ಎತ್ತಿಕೊಳ್ಳುತ್ತಾರೆ. ಸಂಕೋಚ ಹೆಂಗಸರಿಗೆ ಮಾತ್ರ ಹುಟ್ಟಿನಿಂದ ಬಂದದ್ದೋ, ಗಂಡಸರಿಗೂ ಇರಬೇಕಾದದ್ದೋ? ಗಣಿಕೆಯಾದ್ದರಿಂದ ಇವಳು ಹೀಗೆ ಬರೆದಳು ಎಂದಾದರೆ, ಮರ್ಯಸ್ಥರೆನಿಸಿಕೊಂಡ ಗಂಡಸರು ಇದಕ್ಕಿಂತ ಬಿಚ್ಚಿ ಬರೆದದ್ದು ಯಾವ ಲೆಕ್ಕ? ಇಂಥ ಕೃತಿಗಳಲ್ಲೊಂದಾದ 'ವೈಜಯಂತೀವಿಲಾಸ'ವನ್ನು ಈ ಹಿರಿಯರೇ ಪರಿಶೀಲಿಸಿ ಪಠ್ಯವಾಗಲು ಒಪ್ಪಿದ್ದು ಹೇಗೆ? ವಾದದ ಒಟ್ಟು ಹರಿವು ಇದು. ಮೂವತ್ತೊಂದು ವರ್ಷದ ಗಾಯಕಿ, ಅರವತ್ತು ದಾಟಿದ, ನಾಡೆಲ್ಲ ಗೌರವಿಸುವ ಸುಧಾರಕರಿಗೆ ಕೇಳುತ್ತಿರುವ ಪ್ರಶ್ನೆಗಳಿವು.

ಇಲ್ಲಿ ನನ್ನದೊಂದು ತಕರಾರೂ ಇದೆ. ಗಂಡಸರೂ ಬರೆದಿಲ್ಲವೇ ಎಂಬ ವಾದ ನ್ಯಾಯದ ವಾದ, ಆದರೆ ಕಾವ್ಯದ ಪರವಾದ ವಾದವಾಗಿ ಅದು ಅರ್ಧ ದಾರಿಗೆ ನಿಲ್ಲುತ್ತದೆ. ಅದು ಎಲ್ಲರಿಗೂ ಒಂದೇ ತಕ್ಕಡಿ ಇರಲಿ ಎನ್ನುತ್ತದೆ. ತಕ್ಕಡಿಯೇ ಸರಿಯಾಗಿದೆಯೇ ಎಂದು ಕೇಳುವುದಿಲ್ಲ. ಮುದ್ದುಪಳನಿ ಗಂಡಸರು ಮಾಡಿದ್ದನ್ನೇ ತಾನೂ ಮಾಡಲಿಲ್ಲ. ಅವರ ಕಾವ್ಯಗಳಲ್ಲಿ ಜಾಗವಿಲ್ಲದ ಒಂದು ಅನುಭವಕ್ಕೆ, ಸಾಕಿದ ಮಗಳ ಸುಖ ಮತ್ತು ತನ್ನ ಆಸೆ ಎರಡರ ನಡುವೆ ಸಿಕ್ಕಿಬಿದ್ದವಳ ಅನುಭವಕ್ಕೆ, ಜಾಗ ಮಾಡಿದಳು. ನಾಗರತ್ನಮ್ಮ ಇದನ್ನು ಬಿಡಿಸಿ ಬರೆಯಲಿಲ್ಲ. ಆದರೆ ಅವರು ಸಂಪಾದಕಿಯಾಗಿ ಮಾಡಿದ ಕೆಲಸ ಅವರ ವಾದಕ್ಕಿಂತ ಮುಂದೆ ಹೋಗಿದೆ. ಕತ್ತರಿಸಿದ ಪದ್ಯಗಳನ್ನೂ ಪೀಠಿಕೆಯನ್ನೂ ವಾಪಸು ಸೇರಿಸಿದಾಗ ಆ ಅನುಭವ ಇಡಿಯಾಗಿ ನಮ್ಮ ಮುಂದೆ ಬಂತು. ಮುನ್ನುಡಿ ಹೇಳದೇ ಬಿಟ್ಟದ್ದನ್ನು ಪಾಠ ಹೇಳುತ್ತದೆ.

ಉತ್ತರ ಬೇಗ ಬಂತು, ಅದೂ ಪೊಲೀಸರ ಕಡೆಯಿಂದ. ಪುಸ್ತಕ ಅಶ್ಲೀಲವೆಂದು ದೂರು ಹೋಗಿ, 1911ರಲ್ಲಿ ಪ್ರತಿಗಳ ಜಪ್ತಿಯಾಯಿತು. ಪಂಡಿತರು ಮನವಿ ಸಲ್ಲಿಸಿದರು, ಪ್ರಕಾಶಕರು ಹೋರಾಡಿದರು, ಸರಕಾರ ಜಗ್ಗಲಿಲ್ಲ. ನಿಷೇಧ ತೆರವಾಗಲು ಸ್ವಾತಂತ್ರ್ಯದ ಹೊಸ್ತಿಲವರೆಗೆ, ಟಂಗುಟೂರಿ ಪ್ರಕಾಶಂ ಮದ್ರಾಸ್ ಪ್ರಾಂತದ ಸರಕಾರದ ಮುಖ್ಯಸ್ಥರಾಗುವವರೆಗೆ ಕಾಯಬೇಕಾಯಿತು. ಹೊಸ ಮುದ್ರಣ ಹೊರಬಂದದ್ದು 1952ರಲ್ಲಿ. ನಾಗರತ್ನಮ್ಮ ತೀರಿಕೊಂಡದ್ದೂ ಅದೇ ವರ್ಷ, ಮೇ 19ರಂದು.

ಈಗ ಮೊದಲ ಪ್ರಶ್ನೆಗೆ ಬರುತ್ತೇನೆ: ಇವರು ಕನ್ನಡದ ಲೇಖಕಿಯೇ? ನಾನು ಬಿ.ಎ., ಎಂ.ಎ.ಯಲ್ಲಿ ಓದಿದ ಯಾವ ಪಠ್ಯದಲ್ಲೂ ಅವರ ಹೆಸರು ಬರಲಿಲ್ಲ. ಅದೇ ನಂಜನಗೂಡಿನಲ್ಲಿ ಹುಟ್ಟಿದ ಇನ್ನೊಬ್ಬರ ಹೆಸರು ಬಂತು. ತಿರುಮಲಾಂಬ, ಹುಟ್ಟಿದ್ದು 1887ರಲ್ಲಿ, ನಾಗರತ್ನಮ್ಮನವರಿಗಿಂತ ಒಂಬತ್ತು ವರ್ಷ ಕಿರಿಯರು. ಬಾಲ್ಯದಲ್ಲೇ ವಿಧವೆಯಾದವರು, ಮನೆಯಲ್ಲೇ ಓದಿದವರು. 1913ರಲ್ಲಿ 'ಸುಶೀಲೆ' ಕಾದಂಬರಿಯೊಂದಿಗೆ ಸತೀಹಿತೈಷಿಣಿ ಗ್ರಂಥಮಾಲೆ ಶುರು ಮಾಡಿದರು. ಮುಂದೆ 'ಕರ್ನಾಟಕ ನಂದಿನಿ' ಪತ್ರಿಕೆ ನಡೆಸಿದರು. ಬರೆಯುವುದು, ಅಚ್ಚು ಹಾಕಿಸುವುದು, ಓದುಗಿಯರನ್ನು ಹುಡುಕಿಕೊಳ್ಳುವುದು ಎಲ್ಲ ಅವರದೇ. ಕನ್ನಡ ಅವರನ್ನೂ ಬಹಳ ಕಾಲ ಮರೆತಿತ್ತು; ಆಮೇಲೆ ನೆನಪಿಸಿಕೊಂಡಿತು. ನೆನಪಿಸಿಕೊಂಡದ್ದು ಸರಿಯಾದದ್ದೇ.

ಮೂರು ವರ್ಷಗಳ ಅಂತರದಲ್ಲಿ ಒಂದೇ ಊರಿನ ಇಬ್ಬರು ಹೆಂಗಸರು ಪುಸ್ತಕ ಪ್ರಕಟಣೆಗೆ ಇಳಿದರು. ಒಬ್ಬರು ಕನ್ನಡದಲ್ಲಿ, ಸತಿಯರ ಹಿತಕ್ಕೆ ಎಂಬ ಹೆಸರಿಟ್ಟುಕೊಂಡು. ಇನ್ನೊಬ್ಬರು ತೆಲುಗಿನಲ್ಲಿ, ಗಣಿಕೆಯೊಬ್ಬಳ ಕಾವ್ಯ ಹಿಡಿದು. ಭಾಷೆಯ ಕಾರಣಕ್ಕೆ ಎರಡನೆಯವರು ನಮ್ಮ ಪಟ್ಟಿಯಿಂದ ಹೊರಗುಳಿದರು ಎಂದು ಹೇಳುವುದು ಸುಲಭ. ಆದರೆ ಆ ಕಾಲದ ಸಂಗೀತಗಾರರಿಗೆ ಭಾಷೆ ಯಾವುದಾಗಿತ್ತು? ಮೈಸೂರಿನಲ್ಲಿ ಹುಟ್ಟಿ ಬೆಳೆದವರೂ ತ್ಯಾಗರಾಜರನ್ನು ತೆಲುಗಿನಲ್ಲೇ ಹಾಡಿದರು, ಕ್ಷೇತ್ರಯ್ಯನ ಪದಗಳಿಗೆ ತೆಲುಗಿನಲ್ಲೇ ಅಭಿನಯ ಹಿಡಿದರು. ಮುಂದೆ ಜಯಚಾಮರಾಜ ಒಡೆಯರು ಕೃತಿ ರಚಿಸಿದ್ದು ಸಂಸ್ಕೃತದಲ್ಲಿ. ಅವರನ್ನು ನಾವು ಕನ್ನಡ ನಾಡಿನ ಸಂಗೀತದ ಚರಿತ್ರೆಯಿಂದ ತೆಗೆಯುವುದಿಲ್ಲ. ಸಂಗೀತಕ್ಕೆ ಇರುವ ಈ ಔದಾರ್ಯ ಸಾಹಿತ್ಯ ಚರಿತ್ರೆಗೆ ಇಲ್ಲ. ಮನೆಯೊಳಗೆ ಒಂದು, ಬೀದಿಯಲ್ಲಿ ಒಂದು, ಪಾಠಕ್ಕೆ ಇನ್ನೊಂದು ಭಾಷೆ ಇಟ್ಟುಕೊಂಡ ಮನೆಗಳು ಕೋಗಿಲಿನಲ್ಲಿ ಇವತ್ತಿಗೂ ಇವೆ. ಅಂಥ ಮನೆಯಲ್ಲಿ ಕೂತು ಒಂದು ಭಾಷೆಯ ಚರಿತ್ರೆ ಬರೆಯುವಾಗ ನನಗೆ ಕೈ ತಡೆಯುತ್ತದೆ.

ಭಾಷೆಯ ಹಿಂದೆ ಇನ್ನೊಂದು ಕಾರಣವೂ ಇದೆ ಎಂದು ನನಗನಿಸುತ್ತದೆ. ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಸಂಚಿ ಹಿಡಿಯುತ್ತಿದ್ದ ಹೊನ್ನಮ್ಮನನ್ನು ನಾವು ಪ್ರೀತಿಯಿಂದ ಓದುತ್ತೇವೆ. ಅರಮನೆಯ ಕೆಲಸದಾಕೆ, ಸಾಂಗತ್ಯದಲ್ಲಿ 'ಹದಿಬದೆಯ ಧರ್ಮ' ಬರೆದಳು. ಹೆಣ್ಣನ್ನು ಹೀಗಳೆಯುವವರಿಗೆ ಅದರೊಳಗೇ ಉತ್ತರ ಕೊಟ್ಟಳು. ಆದರೆ ಕಾವ್ಯದ ಹೆಸರೇ ಅವಳಿಗೆ ಬಾಗಿಲು ತೆರೆಯಿತು: ಪತಿವ್ರತೆಯ ಧರ್ಮ. ಸುಮಾರು ಎರಡು ತಲೆಮಾರಿನ ನಂತರ, ಕಾವೇರಿಯ ಕೆಳದಂಡೆಯ ಇನ್ನೊಂದು ಆಸ್ಥಾನದಲ್ಲಿ ಮುದ್ದುಪಳನಿ ಬರೆದಳು. ಅವಳನ್ನು ಒಳಗೆ ಕರೆಯುವ ಹೆಸರು ಅವಳ ಕಾವ್ಯಕ್ಕಿರಲಿಲ್ಲ. ಸತಿ, ಹದಿಬದೆ ಎಂಬ ಬಾಗಿಲಿನಿಂದ ಬಂದವರಿಗೆ ಚರಿತ್ರೆಯಲ್ಲಿ ಜಾಗ ಸಿಕ್ಕಿತು. ಬೇರೆ ಬಾಗಿಲಿನಿಂದ ಬಂದವರಿಗೆ ಪೊಲೀಸ್ ಜಪ್ತಿಯಾಯಿತು. ನಾಗರತ್ನಮ್ಮನವರು ಕನ್ನಡದಲ್ಲೇ ಬರೆದಿದ್ದರೂ ನಮ್ಮ ಪಠ್ಯಗಳು ಅವರನ್ನು ಕರೆಯುತ್ತಿದ್ದವೇ ಎಂಬ ಅನುಮಾನ ನನಗಿದೆ.

ಎರಡನೆಯ ಪ್ರಶ್ನೆ ಹೆಚ್ಚು ಕಷ್ಟದ್ದು. ಬೇರೆಯವರ ಕಾವ್ಯಕ್ಕೆ ಮುನ್ನುಡಿ ಬರೆದವರು ಲೇಖಕಿಯೇ? ಇದಕ್ಕೆ ಅವರ ಮುಂದಿನ ಬದುಕನ್ನು ನೋಡಬೇಕು. 1921ರಲ್ಲಿ, ತಿರುವಯ್ಯಾರಿನ ತ್ಯಾಗರಾಜರ ಸಮಾಧಿ ಪಾಳುಬಿದ್ದಿರುವ ಸುದ್ದಿಯನ್ನು ಬಿಡಾರಂ ಕೃಷ್ಣಪ್ಪನವರು ತಿಳಿಸಿದಾಗ ನಾಗರತ್ನಮ್ಮ ಅಲ್ಲಿಗೆ ಹೊರಟರು. ಹಾಡಿ ಗಳಿಸಿದ ಹಣ ಹಾಕಿ ಗುಡಿ ಕಟ್ಟಿಸಿದರು; 1925ರ ಜನವರಿಯಲ್ಲಿ ಪ್ರತಿಷ್ಠೆಯಾಯಿತು. ವಿಚಿತ್ರವೆಂದರೆ, ಆರಾಧನೆಯ ದಿನ ಅಲ್ಲಿ ಹೆಂಗಸರು ಹಾಡುವಂತಿರಲಿಲ್ಲ. ಗಂಡಸರ ಎರಡು ಪಂಗಡಗಳು ತಮ್ಮತಮ್ಮಲ್ಲೇ ಜಗಳವಾಡುತ್ತಿದ್ದವು. ನಾಗರತ್ನಮ್ಮ ಗುಡಿಯ ಹಿಂಭಾಗದಲ್ಲಿ ಹೆಂಗಸರ ಆರಾಧನೆ ಶುರು ಮಾಡಿದರು. ಎಲ್ಲರೂ ಒಂದಾಗಿ ಆಚರಿಸುವ ಸ್ಥಿತಿ ಬಂದದ್ದು 1940ರ ದಶಕದ ಆರಂಭದಲ್ಲಿ. ಈ ನಡುವೆ ಅವರು ಸಂಸ್ಕೃತದಲ್ಲಿ ತ್ಯಾಗರಾಜರ ಅಷ್ಟೋತ್ತರ ಶತನಾಮಾವಳಿ ರಚಿಸಿದರು.

ಶೃಂಗಾರದ ಮುದ್ದುಪಳನಿ, ರಾಮಭಕ್ತಿಯ ತ್ಯಾಗರಾಜ. ಇವೆರಡನ್ನೂ ಎತ್ತಿಕೊಂಡ ಒಬ್ಬಾಕೆಯ ಬದುಕನ್ನು ಬರೆಯುವವರು ಸಾಮಾನ್ಯವಾಗಿ ಒಂದು ತಿರುವು ಕಲ್ಪಿಸಿಕೊಳ್ಳುತ್ತಾರೆ: ಮೊದಲು ಸಾಹಸ, ಆಮೇಲೆ ಸನ್ಯಾಸ. ನನಗೆ ಎರಡೂ ಒಂದೇ ಕೆಲಸವಾಗಿ ಕಾಣುತ್ತವೆ. ಅಲ್ಲಿ ಕಾವ್ಯದಿಂದ ಕತ್ತರಿಸಿದ ಹೆಂಗಸಿನ ವಂಶವನ್ನು ವಾಪಸು ಸೇರಿಸಿದರು. ಇಲ್ಲಿ ಆರಾಧನೆಯಿಂದ ಹೊರಗಿಟ್ಟ ಹೆಂಗಸಿನ ದನಿಯನ್ನು ವಾಪಸು ಸೇರಿಸಿದರು. ಎರಡು ಕಡೆಯೂ ಮುಂದಿಟ್ಟದ್ದು ಬೇರೊಬ್ಬರ ಕೃತಿಯನ್ನು.

ದೇವದಾಸಿ ಪದ್ಧತಿಯ ವಿಷಯದಲ್ಲಿ ಅವರ ನಿಲುವನ್ನು ಇಲ್ಲಿ ಮುಚ್ಚಿಡಬಾರದು. ಮದ್ರಾಸ್ ಶಾಸನಸಭೆಯಲ್ಲಿ ಮುತ್ತುಲಕ್ಷ್ಮಿ ರೆಡ್ಡಿಯವರು 1920ರ ದಶಕದ ಕೊನೆಯಲ್ಲಿ ಪದ್ಧತಿಯನ್ನು ಕೊನೆಗಾಣಿಸುವ ಮಸೂದೆ ತಂದಾಗ, ದೇವದಾಸಿಯರ ಸಂಘದ ಅಧ್ಯಕ್ಷೆಯಾಗಿ ನಾಗರತ್ನಮ್ಮ ವಿರೋಧಿಸಿದರು. ದೇವರಿಗೆ ಬಿಟ್ಟ ಹುಡುಗಿಯರ ಮೇಲೆ ನಡೆದ ಅನ್ಯಾಯ ಗೊತ್ತಿರುವ ನಮಗೆ ಮುತ್ತುಲಕ್ಷ್ಮಿ ರೆಡ್ಡಿಯವರ ಕಡೆಗೇ ಮನಸ್ಸು ವಾಲುತ್ತದೆ, ನನ್ನದೂ ವಾಲುತ್ತದೆ. ಆದರೆ ನಾಗರತ್ನಮ್ಮ ಕೇಳಿದ್ದು ಇದು: ಕಲಿತ ವಿದ್ಯೆ, ತಾಯಿಯಿಂದ ಮಗಳಿಗೆ ಬಂದ ಆಸ್ತಿ, ತಮ್ಮ ಹೆಸರಿನ ಗೌರವ ಇವೆಲ್ಲವನ್ನೂ ವೇಶ್ಯೆ ಎಂಬ ಒಂದೇ ಪದದಲ್ಲಿ ಒರೆಸಬೇಡಿ. ಈ ಮಾತನ್ನು ಅವರು ಹದಿನೇಳು ಹದಿನೆಂಟು ವರ್ಷ ಮೊದಲೇ, ಮುದ್ದುಪಳನಿಯ ಪರವಾಗಿ ಆಡಿದ್ದರು. ಮಸೂದೆಯ ವಿಷಯದಲ್ಲಿ ಅವರನ್ನು ಒಪ್ಪದೆಯೂ ಈ ಎಳೆಯನ್ನು ಗುರುತಿಸಬಹುದು.

ಮರಳಿ ಪ್ರಶ್ನೆಗೆ. ಸಂಗೀತದಲ್ಲಿ ವಾಗ್ಗೇಯಕಾರ ಬೇರೆ, ಗಾಯಕಿ ಬೇರೆ. ಸ್ವಂತ ಕೃತಿ ರಚಿಸಲಿಲ್ಲವೆಂದು ಒಬ್ಬ ಗಾಯಕಿಯನ್ನು ಯಾರೂ ಕಡಿಮೆ ಎನ್ನುವುದಿಲ್ಲ. ಅವಳು ಹಾಡದಿದ್ದರೆ ಕೃತಿ ಇಲ್ಲವೇ ಇಲ್ಲ. ತ್ಯಾಗರಾಜರ ಕೃತಿಗಳನ್ನು ವಾಲಾಜಪೇಟೆಯ ವೆಂಕಟರಮಣ ಭಾಗವತರಂಥ ಶಿಷ್ಯರು ಬರೆದಿಟ್ಟುಕೊಂಡದ್ದಕ್ಕೆ, ಹಾಡುತ್ತಾ ಬಂದದ್ದಕ್ಕೆ ನಮಗೆ ಸಿಕ್ಕವು. ಸಾಹಿತ್ಯದಲ್ಲಿ ನಾವು ಹುಟ್ಟಿಸಿದವರನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತೇವೆ. ಸಾಕಿದವರನ್ನು ಕೃತಜ್ಞತೆಯ ಪುಟಕ್ಕೆ ಕಳಿಸುತ್ತೇವೆ. ನಾಗರತ್ನಮ್ಮ ತಮ್ಮ ಕಲೆಯ ನಿಯಮವನ್ನು ಅಕ್ಷರಕ್ಕೂ ತಂದರು. ಅವರ ಬರವಣಿಗೆಯೆಂದರೆ ಆ ಮುನ್ನುಡಿ ಮತ್ತು ಅದರ ಹಿಂದಿನ ಪಾಠ, ಎರಡೂ ಸೇರಿ. ಮುನ್ನುಡಿಯೊಂದನ್ನೇ ಕಿತ್ತು ಓದಿದರೆ ಅದು ಚುರುಕಾದ ವಾಗ್ವಾದ ಮಾತ್ರ. ಪಾಠದ ಜೊತೆ ಇಟ್ಟು ಓದಿದರೆ, ಒಬ್ಬ ಓದುಗಿ ಕಾವ್ಯದ ಒಂದೊಂದು ಪದ್ಯವನ್ನೂ ಕಿವಿಗೊಟ್ಟು ಕೇಳಿದ್ದು, ಎಲ್ಲಿ ಏನು ಕಾಣೆಯಾಗಿದೆಯೆಂದು ಹುಡುಕಿದ್ದು ತಿಳಿಯುತ್ತದೆ. ಇದನ್ನು ವಿಮರ್ಶೆ ಎನ್ನದೆ ಬೇರೆ ಏನೆನ್ನಬೇಕೋ ನನಗೆ ಗೊತ್ತಿಲ್ಲ.

ಅಧ್ಯಾಯವನ್ನು ನಾನು ತೆಗೆದಿಲ್ಲ. ಮುಂದಿನ ಪರಿಶೀಲನೆಗೆ ಈ ವಾದವನ್ನೇ ತಿದ್ದಿ ಕೊಂಡೊಯ್ಯುತ್ತೇನೆ. ಸಮಿತಿ ಒಪ್ಪುತ್ತದೋ ಇಲ್ಲವೋ ನೋಡಬೇಕು. ಹೆಸರು ಮಾತ್ರ ಈಗ 'ಬೆಂಗಳೂರು ನಾಗರತ್ನಮ್ಮನವರ ಪಾಠಾಂತರ' ಎಂದಾಗಿದೆ.

ಮೊನ್ನೆ ಸಂಜೆ ಕಾವ್ಯದ ಕೊನೆಯ ಭಾಗ ಓದಿ ಮುಗಿಸಿದೆವು. ಕೃಷ್ಣ ಬಂದ, ರಾಧೆಯ ಸಿಟ್ಟು ಇಳಿಯಿತು. ಅವ್ವನಿಗೆ ಸಮಾಧಾನವಾಗಲಿಲ್ಲ. "ಆ ಹುಡುಗಿ ಇಳಾ ಏನಾದಳು? ಅವಳ ಕತೆ ಯಾರೂ ಬರೀಲಿಲ್ವಾ?" ಎಂದು ಕೇಳಿದರು. ನನಗೆ ತಿಳಿದ ಮಟ್ಟಿಗೆ ಇಲ್ಲ ಎಂದೆ. ಕಟ್ಟಿದ ಮಾಲೆಯಿಂದ ಒಂದು ಮೊಳ ಕತ್ತರಿಸಿ ನನಗೆ ಕೊಟ್ಟು, ನಾಳೆ ಮೊದಲಿಂದ ಇನ್ನೊಂದು ಸಲ ಓದು ಎಂದರು.